ಏಪ್ರಿಲ್ ತಿಂಗಳಲ್ಲಿ ಹೀಟರ್

ಶಿವಾಜಿನಗರದ ಪರ್ವೀನ್ ಹೆಂಗಸರಿಗೆ ಕಾರು ಕಲಿಸುತ್ತಾರೆ. ಅವರ ತಂದೆ ಕಂಟೋನ್ಮೆಂಟ್ ಸ್ಟೇಷನ್ನಿನ ಮುಂದೆ ಟ್ಯಾಕ್ಸಿ ಓಡಿಸುತ್ತಿದ್ದವರು, ಮಗಳ ಕೈಗೆ ಸ್ಟೇರಿಂಗ್ ಕೊಟ್ಟಿದ್ದೂ ಅವರೇ. ಆಗ ಗಲ್ಲಿಯ ಜನ ಆಡಿಕೊಂಡರು. ಆಡಿಕೊಂಡವರ ಸೊಸೆಯಂದಿರೇ ಆಮೇಲೆ ಪರ್ವೀನ್ ಪಕ್ಕ ಕೂತು ಕ್ಲಚ್ ಒತ್ತುವುದನ್ನು ಕಲಿತರು. ಅವರ ಹತ್ತಿರ ಇರುವುದು ಒಂದೇ ಕಾರು. ಹಳೆಯದು, ಚಿಕ್ಕದು, ಕಲಿಸುವವರ ಕಾಲಿನ ಬಳಿಯೂ ಒಂದು ಬ್ರೇಕ್ ಇರುವಂಥದು. ಪರ್ವೀನ್‌ಗೆ ಅದರ ಮೇಲೆ ಹೆಮ್ಮೆ. ತಮ್ಮ ಮೇಲೂ ಕೊಂಚ ಹೆಮ್ಮೆ.

"ಗಾಡಿ ಮಾತಾಡುತ್ತೆ ಕಣಮ್ಮ. ಕೇಳಿಸ್ಕೊಳ್ಳೋ ಕಿವಿ ಬೇಕು ಅಷ್ಟೇ," ಎಂದು ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದರು.

ಈ ಬೇಸಿಗೆಯಲ್ಲಿ ಗಾಡಿ ಮಾತಾಡಿತು. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಬಿಸಿ ತೋರಿಸುವ ಮುಳ್ಳು ಕೆಂಪಿನತ್ತ ಏರತೊಡಗಿತು. ಬಾನೆಟ್ ಎತ್ತಿ ನೋಡಿದರೆ ಇಂಜಿನ್ ಕುದಿಯುತ್ತಿದೆ, ರೇಡಿಯೇಟರ್ ಫ್ಯಾನು ತಿರುಗುತ್ತಿಲ್ಲ. ಅದರ ಪಕ್ಕದ ಎಸಿ ಫ್ಯಾನೂ ತಿರುಗುತ್ತಿಲ್ಲ.

ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುವ ಅಸ್ಗರ್ ಬಳಿಗೆ ಹೋದರು. ಅವತ್ತು ಅಂಗಡಿ ಮುಂದೆ ಗಾಡಿಗಳ ಸಾಲು. ಅಸ್ಗರ್ ಒಮ್ಮೆ ಬಗ್ಗಿ ನೋಡಿ, "ಮೋಟಾರ್ ಹೋಗಿದೆ ಆಪಾ. ಎರಡೂ ಬದಲಾಯಿಸ್ಬೇಕು," ಎಂದ.

"ಎರಡು ಮೋಟಾರ್ ಒಂದೇ ದಿನ ಸಾಯ್ತವಾ? ವೈರ್ ನೋಡು ಮೊದಲು."

ಅಸ್ಗರ್ ನಕ್ಕ. "ನೀವು ಕ್ಲಚ್ ಕಲಿಸಿ ಆಪಾ. ವೈರ್ ನಮಗೆ ಬಿಡಿ."

ಸುತ್ತ ನಿಂತಿದ್ದ ಗಂಡಸರೂ ನಕ್ಕರು. ಪರ್ವೀನ್ ಬಾನೆಟ್ ಮುಚ್ಚಿ ಕಾರು ತಿರುಗಿಸಿಕೊಂಡು ಬಂದರು. ಈ ಗಾಡಿಯನ್ನು ತಾವೇ ಸರಿಮಾಡಿ, ಇದೇ ಅಂಗಡಿ ಮುಂದೆ ಹಾರ್ನ್ ಹೊಡೆದುಕೊಂಡು ಹೋಗಬೇಕೆಂದು ದಾರಿಯಲ್ಲೇ ತೀರ್ಮಾನಿಸಿಬಿಟ್ಟಿದ್ದರು.

ಮರುದಿನ ಫ್ಯಾನಿನ ಪ್ಲಗ್ ಬಿಚ್ಚಿ, ಬ್ಯಾಟರಿಯಿಂದ ಎರಡು ವೈರ್ ಎಳೆದು ನೇರ ಕೊಟ್ಟು ನೋಡಿದರು. ಫ್ಯಾನು ಗಿರ್ರೆಂದು ತಿರುಗಿತು. ಇನ್ನೊಂದೂ ತಿರುಗಿತು. ಮೋಟಾರಿನಲ್ಲಿ ದೋಷವಿಲ್ಲ, ಅಸ್ಗರ್ ಹೇಳಿದ್ದು ತಪ್ಪು! ಆ ಖುಷಿಯಲ್ಲಿ ಫ್ಯೂಸ್ ಬದಲಾಯಿಸಿದರು. ರಿಲೇ ಬದಲಾಯಿಸಿದರು. ನೀರು ಬಿಸಿಯಾದಾಗ ಫ್ಯಾನಿಗೆ ಕರೆಂಟು ಬಿಡುವ ಸ್ವಿಚ್ಚನ್ನೂ ಹೊಸದು ಹಾಕಿದರು. ಪ್ಲಗ್ ಮತ್ತೆ ಸಿಕ್ಕಿಸಿದರೆ ಫ್ಯಾನು ಮಾತ್ರ ಅಲ್ಲಾಡಲಿಲ್ಲ. ಆಗಲಾದರೂ ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಅಪ್ಪ ಹಿಂದೆ ಹೇಳಿಕೊಟ್ಟಿದ್ದ ಒಂದು ಉಪಾಯ ನೆನಪಾಯಿತು. ಇಂಜಿನ್ ಕಾದಾಗ ಕಾರಿನೊಳಗಿನ ಹೀಟರ್ ಪೂರ್ತಿ ಹಾಕಿದರೆ ಇಂಜಿನ್ನಿನ ಬಿಸಿ ಕಾರಿನೊಳಕ್ಕೆ ಬರುತ್ತದೆ, ಇಂಜಿನ್ ಸ್ವಲ್ಪ ತಣಿಯುತ್ತದೆ. ಅದು ಗ್ಯಾರೇಜ್ ಮುಟ್ಟುವ ತನಕದ ಉಪಾಯ. ಪರ್ವೀನ್ ಅದನ್ನು ದಿನಾ ಪಾಠಕ್ಕೆ ಬಳಸತೊಡಗಿದರು. ಕಿಟಕಿ ನಾಲ್ಕೂ ಇಳಿಸಿ, "ಎಸಿ ಕೆಟ್ಟಿದೆ ಕಣಮ್ಮ, ಅಡ್ಜಸ್ಟ್ ಮಾಡ್ಕೊಳ್ಳಿ," ಎನ್ನುತ್ತಿದ್ದರು. ಕಲಿಯುವವರ ಕಣ್ಣು ರಸ್ತೆಯ ಮೇಲೆ, ಜೀವ ಕೈಯಲ್ಲಿ. ಬೆವರು ಸುರಿದರೆ ಹೆದರಿಕೆಯ ಬೆವರೆಂದುಕೊಂಡು ಒರೆಸಿಕೊಳ್ಳುತ್ತಿದ್ದರು.

ಆಗ ಕಲಿಯುತ್ತಿದ್ದವರಲ್ಲಿ ಉಮಾಶ್ರೀ ಒಬ್ಬಳು. ಯಾದಗಿರಿ ಕಡೆಯವಳು. ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ತಾಯಿ ಅಮೃತಮ್ಮನ ಜೊತೆ ಇದ್ದಳು. ಇಂದಿರಾನಗರದ ಒಂದು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಅಲ್ಲಿಯವರು ಮಕ್ಕಳ ವ್ಯಾನಿಗೆ ಹೆಂಗಸು ಡ್ರೈವರೇ ಬೇಕೆಂದಿದ್ದರು. ಆ ಸೀಟಿನ ಮೇಲೆ ಉಮಾಶ್ರೀಯ ಕಣ್ಣು. ಮಾತು ಕಡಿಮೆ, ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಪರ್ವೀನ್‌ಗೆ ಅವಳೆಂದರೆ ಇಷ್ಟ.

ಅವತ್ತು ಹಲಸೂರು ಕೆರೆಯ ಪಕ್ಕದ ರಸ್ತೆಯಲ್ಲಿ ಗಾಡಿಗಳು ಕದಲುತ್ತಲೇ ಇರಲಿಲ್ಲ. ಮುಳ್ಳು ಏರುತ್ತಿತ್ತು. ಪರ್ವೀನ್ ಹೀಟರಿನ ಗಾಳಿಯನ್ನು ಪೂರ್ತಿ ಜೋರು ಮಾಡಿದರು. ಸುಡುಗಾಳಿ ಉಮಾಶ್ರೀಯ ಮೊಣಕಾಲಿಗೆ, ಎದೆಗೆ ಹೊಡೆಯಿತು.

"ತಲಿ ತಿರಗ್ಲಿಕತ್ತದ ಮೇಡಂ," ಎಂದಳು ಮೆಲ್ಲಗೆ.

"ಇನ್ನೊಂದು ಸ್ವಲ್ಪ ದೂರಮ್ಮ. ಕ್ಲಚ್ ಮೇಲೆ ಗಮನ ಇಡು."

ಮುಂದಿನ ಬಸ್ಸು ಅಲುಗಿತು. ಉಮಾಶ್ರೀ ಕ್ಲಚ್ ಬಿಟ್ಟಳು, ಹಾಗೇ ಸ್ಟೇರಿಂಗ್ ಮೇಲೆ ಕುಸಿದಳು. ಕಾರು ಬಸ್ಸಿನತ್ತ ನುಗ್ಗಿತು. ಪರ್ವೀನ್ ತಮ್ಮ ಕಡೆಯ ಬ್ರೇಕನ್ನು ತುಳಿದದ್ದರಿಂದ ಒಂದು ಗೇಣು ಅಂತರದಲ್ಲಿ ನಿಂತಿತು.

ಜನ ಸೇರಿದರು. ಎಳನೀರು ಮಾರುವವನು ಓಡಿ ಬಂದು ಹುಡುಗಿಯ ಮುಖಕ್ಕೆ ನೀರು ಚಿಮುಕಿಸಿದ. ಆಟೋದವನೊಬ್ಬ ಅವಳನ್ನು ಎತ್ತಲು ಒಳಗೆ ಬಗ್ಗಿದವನು ಥಟ್ಟನೆ ಕೈ ಹಿಂದೆಳೆದುಕೊಂಡ.

"ಏನ್ ಮೇಡಂ ಇದು, ಹೀಟರ್ ಹಾಕಿದೀರಾ? ಈ ಬಿಸಿಲಲ್ಲಿ?"

ಎಲ್ಲರೂ ಪರ್ವೀನ್ ಕಡೆ ನೋಡಿದರು. "ಎಸಿ ಕೆಟ್ಟಿದೆ ಕಣ್ರೀ," ಎಂದರು ಅವರು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಈ ಹುಡುಗೀರು ಬೆಳಿಗ್ಗೆ ಏನೂ ತಿನ್ನದೆ ಬಂದ್ಬಿಡ್ತಾರೆ. ಮನೇಲಿ ಹೇಳೋರು ಕೇಳೋರು ಯಾರೂ ಇಲ್ಲ," ಎಂದುಬಿಟ್ಟರು.

ಅಷ್ಟು ಹೊತ್ತಿಗೆ ಉಮಾಶ್ರೀ ಕಣ್ಣು ಬಿಟ್ಟಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಎಳನೀರು ಅರ್ಧ ಕುಡಿದು, ಮೆಟ್ರೋದಲ್ಲಿ ಹೋಗುತ್ತೇನೆಂದು ಎದ್ದು ನಡೆದಳು. ಮರುದಿನ ಬರಲಿಲ್ಲ. ಫೋನ್ ಮಾಡಿದರೆ ಅವಳ ಸಣ್ಣ ದನಿ: "ನನ್ನ ಮೈಯಾಗ ಕಸುವಿಲ್ಲ ಮೇಡಂ. ಮಕ್ಕಳ್ನ ಕೂಡಿಸ್ಕೊಂಡಾಗ ಹಿಂಗಾದ್ರ ಏನ್ ಮಾಡ್ಲಿ? ವ್ಯಾನ್ ನನ್ನಿಂದ ಆಗಂಗಿಲ್ಲಂತ ಅಲ್ಲಿ ಹೇಳಿಬಿಡ್ತೀನಿ."

ಪರ್ವೀನ್‌ಗೆ ಫೋನ್ ಇಟ್ಟ ಮೇಲೆ ತಮ್ಮ ಮಾತೇ ಮತ್ತೆ ಮತ್ತೆ ಕಿವಿಯಲ್ಲಿ ಕೇಳಿಸಿತು. ಫ್ಯಾನು ಕೆಟ್ಟಿದ್ದು ದೊಡ್ಡದಲ್ಲ. ಹೀಟರ್ ಹಾಕಿದ್ದನ್ನೂ ಮೂರ್ಖತನವೆನ್ನಬಹುದಿತ್ತು. ಆದರೆ ತಮ್ಮ ಮುಖ ಉಳಿಸಿಕೊಳ್ಳಲು ಒಬ್ಬ ಹೆಣ್ಣುಮಗಳಿಗೆ ಅವಳ ಮೈಯ ಮೇಲೇ ನಂಬಿಕೆ ಹೋಗುವಂತೆ ಮಾಡಿದ್ದರು. ಅದಕ್ಕೆ ಏನೆನ್ನಬೇಕೆಂದು ಅವರಿಗೆ ತಿಳಿಯಲಿಲ್ಲ.

ಮೊದಲು ಕಾರನ್ನು ಅಸ್ಗರ್ ಅಂಗಡಿಗೆ ಒಯ್ದರು. ತಲೆ ತಗ್ಗಿಸಿ, "ನನ್ನ ಕೈಲಿ ಆಗ್ಲಿಲ್ಲ. ನೀನೇ ನೋಡು," ಎಂದು, ಏನೇನು ಬದಲಾಯಿಸಿದ್ದೆ, ಏನಾಯಿತು, ಎಲ್ಲವನ್ನೂ ಹೇಳಿದರು. ಈ ಸಲ ಅಸ್ಗರ್ ನಗಲಿಲ್ಲ. ಇಂಜಿನ್ ಚಾಲೂ ಮಾಡಿ, ಎಸಿ ಹಾಕಿ, ಪ್ಲಗ್ ತೆಗೆಯದೆಯೇ, ಬ್ಯಾಟರಿಯ ನೆಗೆಟಿವ್‌ನಿಂದ ಒಂದು ತುಂಡು ವೈರ್ ತಂದು ಫ್ಯಾನಿನ ಕಪ್ಪು ವೈರಿಗೆ ತಾಗಿಸಿದ. ಎರಡು ಫ್ಯಾನುಗಳೂ ಒಟ್ಟಿಗೇ ಭರ್ರೆಂದವು.

"ಕರೆಂಟು ಬರ್ತಿದೆ ಆಪಾ, ವಾಪಸ್ ಹೋಗೋಕೆ ದಾರಿ ಇಲ್ಲ. ಅರ್ಥಿಂಗ್ ಇಲ್ಲ. ನೀವು ಎರಡೂ ವೈರ್ ಬ್ಯಾಟರಿಯಿಂದ್ಲೇ ಎಳೆದಿದ್ರಿ, ಅದಕ್ಕೇ ಆಗ ತಿರುಗ್ತು." ಹೆಡ್‌ಲೈಟ್ ಹಿಂದೆ ಅರ್ಥಿಂಗ್ ವೈರನ್ನು ಕಾರಿನ ತಗಡಿಗೆ ಬಿಗಿದಿದ್ದ ಒಂದು ಬೋಲ್ಟ್ ಬಿಚ್ಚಿ ತೋರಿಸಿದ. ಅದರ ಕೆಳಗೆ ಹೊಳೆಯುವ ಹೊಸ ಪೇಂಟು. "ಎರಡು ಫ್ಯಾನಿಗೂ ಇದೊಂದೇ. ಪೇಂಟ್ ಮೇಲೆ ಬಿಗಿದ್ರೆ ಎಲ್ಲಿ ಕರೆಂಟು ಹರಿಯುತ್ತೆ? ಯಾವಾಗ ಹೊಡೆಸಿದ್ರಿ?"

ರಂಜಾನಿನ ನಂತರ ಯಾರೋ ಕಲಿಯುವವಳು ಮುಂಭಾಗವನ್ನು ಗೋಡೆಗೆ ತಾಗಿಸಿದ್ದಳು. ಹೆಂಗಸು ಕಲಿಸುವ ಗಾಡಿ ಜಜ್ಜಿದೆಯೆಂದು ಯಾರೂ ಬೆರಳು ತೋರಿಸಬಾರದೆಂದು ಪರ್ವೀನ್ ಎದುರು ನಿಂತು ಪೇಂಟ್ ಹೊಡೆಸಿದ್ದರು. ಈಗ ಅದನ್ನೂ ಬಾಯಿಬಿಟ್ಟು ಹೇಳಿದರು. ಅಸ್ಗರ್ ಉಪ್ಪುಕಾಗದದಿಂದ ಪೇಂಟು ಉಜ್ಜಿ, ಬೋಲ್ಟ್ ಬಿಗಿದ. "ಅವತ್ತು ನಾನೂ ಸರಿಯಾಗಿ ನೋಡ್ಲಿಲ್ಲ ಆಪಾ. ನೀವು ಹೇಳಿದ್ದೇ ನಿಜ, ವೈರಲ್ಲೇ ಇತ್ತು," ಎಂದ. ಯಾವ ಮಾತಿಗಾಗಿ ಅವರು ಅಷ್ಟು ದಿನ ಹಟ ಹಿಡಿದಿದ್ದರೋ ಆ ಮಾತು ಸಿಕ್ಕಿತ್ತು. ಅದರಲ್ಲಿ ಯಾವ ರುಚಿಯೂ ಇರಲಿಲ್ಲ.

ಸೀದಾ ಕೆ.ಆರ್. ಪುರಕ್ಕೆ ಹೋದರು. ಮಾರ್ಕೆಟ್ ಹಿಂದೆ, ಸಾಲು ಕೋಣೆಗಳಲ್ಲಿ ಒಂದರ ಹೊಸ್ತಿಲಲ್ಲೇ ನಿಂತು ತಾಯಿ ಮಗಳಿಬ್ಬರಿಗೂ ಇದ್ದದ್ದು ಇದ್ದಂತೆ ಹೇಳಿದರು. "ನಿನ್ನ ಮೈಗೆ ಏನೂ ಆಗಿಲ್ಲಮ್ಮ. ನಾನು ಹೀಟರ್ ಹಾಕಿದ್ದೆ. ಸುಳ್ಳು ಹೇಳ್ದೆ."

ಉಮಾಶ್ರೀ ನೆಲ ನೋಡುತ್ತ ಹೇಳಿದಳು: "ಗಾಳಿ ಬಿಸಿ ಬರೋದು ನಂಗ ಗೊತ್ತಿತ್ತು ಮೇಡಂ. ಕೇಳಿದ್ರ ಬೈತೀರಿ ಅಂತ ಸುಮ್ಮನಿದ್ದೆ. ಆಮ್ಯಾಲ ನೀವಂದದ್ದೇ ಖರೇ ಇರಬೇಕು ಅನಿಸ್ತು."

ಅಮೃತಮ್ಮ ಒಳಗೆ ಕರೆಯಲಿಲ್ಲ. "ನಸುಕಿನಾಗೆದ್ದು ರೊಟ್ಟಿ ಬಡದು, ಉಣಿಸಿ ಕಳ್ಸಿದ್ದೆ ನಾ. ಹೇಳೋರು ಕೇಳೋರು ಇಲ್ಲ ಅಂದ್ರಂತಲ್ರೀ ಮಂದಿ ಮುಂದ. ನೀವು ಹೆಣ್ಣಮಗಳು ಅದೀರಿ ಅಂತ ನಂಬಿದ್ದೆ."

ಪರ್ವೀನ್ ಕೈ ಮುಗಿದರು. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಮುಂದಿನ ವಾರ ಉಮಾಶ್ರೀ ಬಂದಳು. ಜೊತೆಗೆ ಅಮೃತಮ್ಮನೂ ಬಂದು ಹಿಂದಿನ ಸೀಟಿನಲ್ಲಿ ಕೂತರು. ಪಾಠ ಮುಗಿಯುವ ತನಕ ಪ್ರತಿ ಸಲವೂ ಹಾಗೇ ಕೂತರು, ಪರ್ವೀನ್ ಜೊತೆ ಒಂದು ಮಾತೂ ಆಡದೆ. ಉಮಾಶ್ರೀ ಮೊದಲ ಪರೀಕ್ಷೆಯಲ್ಲೇ ಪಾಸಾದಳು. ಈಗ ಅವಳು ಇಂದಿರಾನಗರದಲ್ಲಿ ಮಕ್ಕಳ ಹಳದಿ ವ್ಯಾನು ಓಡಿಸುತ್ತಾಳೆ. ಒಮ್ಮೊಮ್ಮೆ ಹಂಡ್ರೆಡ್ ಫೀಟ್ ರೋಡಿನಲ್ಲಿ ಎದುರಾದರೆ ಹಾರ್ನ್ ಹೊಡೆದು ನಗುತ್ತಾಳೆ. ಪರ್ವೀನ್ ಕೈ ಎತ್ತುತ್ತಾರೆ. ಆ ಮುಖವನ್ನು ನೇರವಾಗಿ ನೋಡಲು ಅವರಿಗೆ ಇನ್ನೂ ಆಗಿಲ್ಲ.