ಎದೆಯೆತ್ತರದ ಟ್ರೇಲರ್

ದೋಣಿಗೆ ಕಾಲಿಲ್ಲ. ಯಾರಾದರೂ ಅದನ್ನು ಹೊಳೆಗೆ ಒಯ್ಯಬೇಕು, ಒಯ್ದ ಮೇಲೆ ನೀರಿಗಿಳಿಸಬೇಕು. ಇಷ್ಟು ತಿಳಿಯಲು ಸಮಿತಿ ಬೇಕಿಲ್ಲ. ಆದರೂ ೧೯೮೧ರಲ್ಲಿ, ವರದಾ ಹೊಳೆಯ ದಂಡೆಯ ಹಳ್ಳಿಗಳಿಗೆಂದು ಹಾನಗಲ್ಲಿಗೆ ಮೋಟಾರು ದೋಣಿಯೊಂದು ಬಂದಾಗ, ತಕ್ಕ ಟ್ರೇಲರ್ ಆರಿಸಲು ಒಂಬತ್ತು ಜನರ ಸಮಿತಿಯಾಯಿತು. ಒಂಬತ್ತರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ.

ಆಡೂರಿನ ಹೂವಪ್ಪನನ್ನು ಯಾರೂ ಕರೆದಿರಲಿಲ್ಲ. ಮೂವತ್ತು ವರ್ಷ ಬಂಡಿ ಕಟ್ಟಿದ ಬಡಿಗ. ಹಾದಿಯಲ್ಲಿ ಬಂಡಿ ಎದುರಾದರೆ ಮೊದಲು ಎತ್ತಿನ ಹೆಗಲು ನೋಡುವನು. ಬಾವು ಕಂಡರೆ ಬಂಡಿ ಕಟ್ಟಿದವನ ವಂಶವನ್ನೇ ಬೈಯುವನು. ಕರೆಯದೆಯೂ ಬಂದದ್ದಕ್ಕೆ ಕಾರಣವಿತ್ತು. ಮಗಳು ಶಾರವ್ವನನ್ನು ಹೊಳೆಯಾಚೆಯ ಕೊಪ್ಪವೆಂಬ ಹಳ್ಳಿಗೆ ಕೊಟ್ಟಿದ್ದ. ಪ್ರತಿ ಮಳೆಗಾಲ ಅವಳ ಅಡುಗೆಮನೆಗೆ ಹೊಳೆ ಹೇಳದೆ ಕೇಳದೆ ಬೀಗರಂತೆ ಬರುತ್ತಿತ್ತು.

ಸಮಿತಿ ಸೇರಿದ್ದ ಅಂಗಳದಲ್ಲಿ ಎರಡು ಟ್ರೇಲರ್ ನಿಂತಿದ್ದವು. ಒಂದು ಮೊಣಕಾಲೆತ್ತರದ್ದು, ಬಣ್ಣಗೆಟ್ಟದ್ದು. ಇನ್ನೊಂದು ಹತ್ತಿ ಹೇರುವ ಎದೆಯೆತ್ತರದ್ದು, ಕೆಂಪಗೆ ಮಿಂಚುತ್ತಿತ್ತು.

"ತಗ್ಗಿಂದು ತಗೋರಿ," ಎಂದ ಹೂವಪ್ಪ. "ಹಿಂದಕ್ಕ ನೀರಾಗ ನೂಕಿದ್ರ ದೋಣಿ ತಾನ ತೇಲತೇತಿ."

ಅಧ್ಯಕ್ಷ ನಾಗಪ್ಪನವರು ನಕ್ಕರು. "ತಗ್ಗಿನ್ಯಾಗ ಇಟ್ರ ಮೆರವಣಿಗ್ಯಾಗ ಹಿಂದಿನ ಮಂದಿಗೆ ಏನ್ ಕಾಣ್ತೇತೋ ಮಾರಾಯಾ?"

"ಎತ್ತರದಿಂದ ಇಳಸಾವ್ರು ಯಾರ್ರಿ?"

"ಇಪ್ಪತ್ತು ಮಂದಿ ಎತ್ತಿ ಇಳಸ್ತಾರ. ಆರ್ನೂರು ಕಿಲೋ ಅಂತ ಕಾಗದದಾಗ ಐತಿ."

"ಮಿಷಿನ್ ಕೂಡಿಸೇನ್ರಿ?"

"ಮಿಷಿನ್ನಿಂದು ಬ್ಯಾರೆ ಕಾಗದ."

"ಹಂಗಾರ ಮಿಷಿನ್ನು ಬ್ಯಾರೆ ದಾರಿಲೆ ಬರ್ತೇತೇನ್ರಿ?"

"ಏಯ್, ನೀ ಎತ್ತಿನ ಬಂಡಿ ಮಾಡಾಂವ. ಇದು ಮೋಟಾರು!"

"ಗಾಲಿ ಎರಡಕ್ಕೂ ದುಂಡಗ ಇರ್ತಾವ್ರಿ."

ಹೂವಪ್ಪನಿಗೆ ಅರ್ಧ ಕಪ್ಪು ಚಹಾ ಸಿಕ್ಕಿತು. ಕೆಂಪು ಟ್ರೇಲರಿಗೆ ಹಾರ ಬಿತ್ತು. ಬ್ಯಾಂಡಿನ ಹಿಂದೆ ದೋಣಿ ಸವಣೂರಿನವರೆಗೂ ಹೋಗಿ ಬಂತು. ಮಂಡಕ್ಕಿ-ಖಾರ ಮೆಲ್ಲುತ್ತ ನಿಂತ ಕೊನೆಯ ಸಾಲಿನವರಿಗೂ ಕಂಡಿತು. ನೀರಿಗೆ ಮಾತ್ರ ಕಾಣಲಿಲ್ಲ. ಶಾರವ್ವನ ಅತ್ತೆ ಗುತ್ತೆವ್ವ ದೋಣಿಗೆ ಕೈಮುಗಿದು, "ಇನ್ನ ಹೆದರಿಕಿಲ್ಲ ಬಿಡವಾ" ಎಂದು ಸೊಸೆಗೆ ಹೇಳಿದಳು.

ಮರುವರ್ಷದ ಶ್ರಾವಣದಲ್ಲಿ ವರದೆ ಉಕ್ಕಿ ಕೊಪ್ಪವನ್ನು ಸುತ್ತುವರಿಯಿತು. ಅತ್ತೆ ಸೊಸೆ ಮಾಳಿಗೆ ಏರಿದರು. ಇತ್ತ ದಂಡೆಗೆ ಟ್ರ್ಯಾಕ್ಟರಿನ ಹಿಂದೆ ಕೆಂಪು ಟ್ರೇಲರ್ ಬಂತು, ಬಂದಲ್ಲೇ ನಿಂತಿತು. ಅಷ್ಟೆತ್ತರದ ದೋಣಿ ತೇಲಬೇಕಾದರೆ ಮೊದಲು ಟ್ರ್ಯಾಕ್ಟರ್ ಮುಳುಗಬೇಕಿತ್ತು. ಇಪ್ಪತ್ತಲ್ಲ, ಹೂವಪ್ಪನೂ ಸೇರಿ ನಲವತ್ತು ಮಂದಿ ಹೆಗಲು ಕೊಟ್ಟರು. ಕಾಗದದ ಆರ್ನೂರು ಕಿಲೋ ಏಳುತ್ತಿತ್ತೇನೋ. ದೋಣಿಯೊಳಗೆ ಬಿಗಿದಿದ್ದ ಬೇರೆ ಕಾಗದದ ಇಂಜಿನ್ನಿನ ಭಾರ ಆ ಕೆಸರಿನಲ್ಲಿ ಏಳಲಿಲ್ಲ.

ಅಂಬಿಗರ ದ್ಯಾಮಪ್ಪ ಹಳೆಯ ಹರಿಗೋಲು ಹಾಕಿದ. ಒಂದು ಸಲಕ್ಕೆ ನಾಲ್ವರು. ಮೂರನೆಯ ಸಲ ಅತ್ತೆ ಸೊಸೆಯ ಮಾಳಿಗೆಗೆ ಬಂದಾಗ ಅದರಲ್ಲಿ ಒಬ್ಬರಿಗಷ್ಟೇ ಜಾಗವಿತ್ತು.

"ನೀ ಹೋಗವಾ," ಎಂದಳಂತೆ ಗುತ್ತೆವ್ವ. "ಅಗೋ, ದೊಡ್ಡ ದೋಣಿ ಬಂದು ನಿಂತೇತಿ. ನಾ ಅದರಾಗ ಬರ್ತೇನಿ."

ಎತ್ತರದ ಟ್ರೇಲರ್ ತನ್ನ ಕೆಲಸ ಮಾಡಿತ್ತು. ದೋಣಿ ಹೊಳೆಯಾಚೆಗೂ ಚೆನ್ನಾಗಿ ಕಂಡಿತ್ತು. ಹರಿಗೋಲು ನಾಲ್ಕನೆಯ ಸಲ ಹೋದಾಗ ಅಲ್ಲಿ ಮಾಳಿಗೆಯೇ ಇರಲಿಲ್ಲ.

ಆ ದಿನ ಹೂವಪ್ಪನ ಹೆಗಲ ಮೇಲೆ ಎದ್ದ ಬಾವನ್ನು ಮಗಳು ನೋಡಿದಳು. ಕೆಟ್ಟ ಬಂಡಿ ಎಳೆದ ಎತ್ತಿಗೆ ಏಳುತ್ತದಲ್ಲ, ಥೇಟ್ ಅಂಥದ್ದು. ಬೈಸಿಕೊಳ್ಳಬೇಕಾದ ಸಮಿತಿಯವರು ಸಭೆ ಸೇರಿ ಸಂತಾಪ ಸೂಚಿಸಿ ಟ್ರೇಲರಿಗೆ ಮತ್ತೊಮ್ಮೆ ಬಣ್ಣ ಹೊಡೆಸಿದರು.

ದೋಣಿ ಇವತ್ತಿಗೂ ಅದರ ಮೇಲೆಯೇ ಇದೆ. ಮುಂಗಾರಿನ ಮಿರುಗ ಮಳೆಗೆ ಇನ್ನು ಹದಿನೈದು ದಿನ. ಮೆರವಣಿಗೆಯಲ್ಲಿ ಚಪ್ಪಾಳೆ ತಟ್ಟಿದವರೇ, ನಾಳೆ ಸಮಿತಿಯ ಆ ಅಂಗಳಕ್ಕೆ ಹೋಗಿ. ಇಂಜಿನ್ನು ಸಮೇತ ದೋಣಿಯನ್ನು ನಮ್ಮೆದುರಿಗೇ ನೀರಿಗಿಳಿಸಿ ತೋರಿಸಿ ಎನ್ನಿ. ಇಳಿಸುವ ತನಕ ಅಲ್ಲಿಂದ ಏಳಬೇಡಿ.