ಊಟದ ಮೇಜಿನ ಸುತ್ತ ಲಾಂಡಾಫ್

ಅರ್ಧ ಬಲವೂ ಉಳಿಯದ ಹೃದಯವೊಂದು ದಿನಕ್ಕೆ ಒಂದು ಗಂಟೆ ನಡೆಯುವುದು ಹೇಗೆ? ಮಲೇಷ್ಯಾದ ಸುಬಾಂಗ್ ಜಯಾ ಊರಿನ ವೈದ್ಯಕೀಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಶರೀರಕ್ರಿಯಾಶಾಸ್ತ್ರ ಕಲಿಸಿದ ಸದಾನಂದರಿಗೆ, ಸ್ವಂತ ಹೆಂಡತಿ ವೇದವತಿಯ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ.

೨೦೨೦ರ ಮಾರ್ಚ್‌ನಲ್ಲಿ ಮಲೇಷ್ಯಾದ ಗಡಿಗಳು ಮುಚ್ಚಿದಾಗ, ಓದಲು ಹೋಗಿದ್ದ ಮಗಳು ಶ್ರೀಯಾ ಬ್ರಿಟನ್ನಿನ ವೇಲ್ಸ್‌ನಲ್ಲಿ ಸಿಕ್ಕಿಕೊಂಡಳು. ಕಾರ್ಡಿಫ್ ನಗರದ ಲಾಂಡಾಫ್ ಎಂಬ ಹಳೆಯ ಬಡಾವಣೆಯಲ್ಲಿ ಅವಳ ಕೋಣೆ. ವೈದ್ಯರು ವೇದವತಿಗೆ ದಿನವೂ ಇಪ್ಪತ್ತು ನಿಮಿಷದ ನಡಿಗೆ ಹೇಳಿದ್ದರು. ಹೊರಗೆ ಹೋಗುವಂತಿರಲಿಲ್ಲ, ಮನೆಯೊಳಗೆ ಸುತ್ತಲು ಮನಸ್ಸಿರಲಿಲ್ಲ. ಮಗಳನ್ನು ಕಣ್ಣಾರೆ ನೋಡುವ ತನಕ ಜೀವ ಹಿಡಿದುಕೊಂಡಿರಬೇಕು, ಅಷ್ಟೇ ಆಕೆಗೆ ಬೇಕಾಗಿದ್ದದ್ದು.

ಉಪಾಯ ಹೂಡಿದವಳು ಶ್ರೀಯಾ. "ಅಮ್ಮಾ, ನಾನಿಲ್ಲಿ ವಾಕ್ ಮಾಡ್ತೀನಿ, ನೀನಲ್ಲಿ ಮಾಡು. ಸೇಮ್ ಟೈಮ್. ಕ್ಯಾನ್ ಲಾ, ಖಂಡಿತ ಆಗತ್ತೆ!"

ಸಂಜೆ ಆರಕ್ಕೆ ಫೋನು; ಅಲ್ಲಿ ಆಗ ಬೆಳಗಿನ ಹೊತ್ತು. ಶ್ರೀಯಾ ದಾರಿಯನ್ನು ವರ್ಣಿಸುತ್ತ ನಡೆಯುವಳು: ಹುಲ್ಲುಬಯಲು, ಪಾಳುಬಿದ್ದ ಗಂಟೆಗೋಪುರ, ಬಿಷಪ್ಪರ ಮುರುಕು ಕೋಟೆಯ ಹೆಬ್ಬಾಗಿಲು, ತಗ್ಗಿಗಿಳಿಯುವ ಮೆಟ್ಟಿಲು, ಯುದ್ಧದಲ್ಲಿ ಬಾಂಬಿನೇಟು ತಿಂದೂ ಮತ್ತೆ ಎದ್ದು ನಿಂತ ಕೆಥೆಡ್ರಲ್, ಅದರಾಚೆ ಟ್ಯಾಫ್ ನದಿ. ಇಲ್ಲಿ ವೇದವತಿ ಅಡುಗೆಮನೆಯಿಂದ ಬಾಲ್ಕನಿಗೆ ಹೋಗಿ ಬರುವಳು. ಕೆಥೆಡ್ರಲ್ ಬಂತೆಂದರೆ ಚಪ್ಪಲಿ ಕಳಚಿ, ಊಟದ ಮೇಜಿಗೆ ಮೂರು ಪ್ರದಕ್ಷಿಣೆ.

"ಅದು ಇಗರ್ಜಿ ಮಾರಾಯ್ತಿ, ಅಲ್ಲಿ ಯಾರೂ ಸುತ್ತು ಬರುದಿಲ್ಲ," ಎಂದರು ಸದಾನಂದರು.

"ಬರದಿದ್ರೆ ಒಳ್ಳೇದೇ ಆಯ್ತಲ್ಲ, ನೂಕುನುಗ್ಗಲಿಲ್ಲ. ನೀವು ನಿಮ್ಮ ಕ್ಲಾಸು ನೋಡಿ."

ಮುಖ ತೋರದ ಎಂಬತ್ತು ವಿದ್ಯಾರ್ಥಿಗಳಿಗೆ ಪರದೆಯಲ್ಲಿ ಪಾಠ ಹೇಳಿ ದಣಿದವರಿಗೆ ವಾದಿಸುವ ತ್ರಾಣವಿರಲಿಲ್ಲ. ಮಗಳಿಗೆ ಟಿಕೆಟ್ ಮಾಡಿಸುವುದು, ವಿಮಾನ ರದ್ದಾಗುವುದು, ಮತ್ತೆ ಮಾಡಿಸುವುದು: ವರ್ಷ ಹಾಗೆಯೇ ಸವೆಯಿತು.

ಜನವರಿಯಲ್ಲಿ ನಡಿಗೆ ಇದ್ದಕ್ಕಿದ್ದಂತೆ ಒಂದು ಗಂಟೆಗೆ ಹಿಗ್ಗಿತು. ಮಾತೆಲ್ಲ ಈಗ ವೇದವತಿಯದೇ. "ಕೋಟೆಬಾಗಿಲು ಬಂತು ನೋಡು... ಮೆಟ್ಟಿಲು ಜಾಗ್ರತೆ, ಪಾಚಿ ಉಂಟು," ಎಂದು ಏದುಸಿರಿನಲ್ಲೇ ಹೇಳುವಳು.

"ಡಾಕ್ಟ್ರು ಹೇಳಿದ್ದು ಇಪ್ಪತ್ತು ನಿಮಿಷ!" ಎಂದು ಸದಾನಂದರು ಗದರಿದರು.

"ಇವತ್ತು ನದಿವರೆಗೆ ಹೋಗ್ಲಿಕ್ಕುಂಟು."

ಜೂನ್ ತಿಂಗಳ ಒಂದು ಮಧ್ಯಾಹ್ನ ಆ ಹೃದಯ ನಿಂತಿತು. ತಾಯಿಯ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದ ಶ್ರೀಯಾ ಮನೆ ಮುಟ್ಟಿದ್ದು ಐದು ತಿಂಗಳ ಮೇಲೆ. ಬಂದ ದಿನವೇ ಅಪ್ಪನೆದುರು ಕುಳಿತು ಹೇಳಿದಳು:

"ಜನವರಿಯಲ್ಲಿ ನನಗೆ ಕೋವಿಡ್ ಆಗಿತ್ತು ಅಪ್ಪಾ. ತ್ರೀ ವೀಕ್ಸ್ ಹಾಸಿಗೆ ಬಿಟ್ಟು ಏಳಲಿಲ್ಲ. ನಿಮಗೆ ಹೇಳ್ಬೇಡ ಅಂತ ಅಮ್ಮ ಆಣೆ ಹಾಕಿಸ್ಕೊಂಡ್ಲು. ಅವಳ ಮಾತು ಕೇಳ್ತಾ ಕೇಳ್ತಾ ನನಗೆ ಜೋಂಪು ಹತ್ತೋದು. ಎಚ್ಚರ ಆದಾಗೆಲ್ಲ ಅವಳು ಹುಲ್ಲುಬಯಲಿನಿಂದ ಮತ್ತೆ ಹೊರಡ್ತಿದ್ಲು."