ಹೀರೆ ಚಪ್ಪರಕ್ಕೆ ಎರವಲು ಕ್ಯಾನು

ನಾನು ನಿಂತಿದ್ದದ್ದು ಅಕ್ಕಿಹೆಬ್ಬಾಳಿನ ಆಚೆ, ನಾಲೆಯ ಏರಿಯ ಮೇಲೆ, ತೂಬಿನ ಕಲ್ಲಿಗೆ ಒರಗಿ. ಎರಡು ವರ್ಷದ ಹಿಂದಿನ ಬೇಸಿಗೆ, ಒಂದು ಭಾನುವಾರ ಬೆಳಿಗ್ಗೆ. ಎಡಕ್ಕೆ ಚಿಕ್ಕಮ್ಮನ ಹೀರೆ ಚಪ್ಪರ. ಬಲಕ್ಕೆ ಪಕ್ಕದ ಜಮೀನಿನವನ ಕಬ್ಬು, ಅದರ ಅಂಚಿಗೆ ಅವನ ಮನೆ.

ನಮ್ಮದು ಮರಗೆಲಸದ ಮನೆತನ. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ನಾಲೆ ಪಕ್ಕದ ತುಂಡು ನೆಲದಲ್ಲಿ ಹೀರೆ ಹಾಕಿ, ಕೆ.ಆರ್. ಪೇಟೆ ಸಂತೆಯಲ್ಲಿ ಕೂತು ಮಾರಿ, ಅದರಲ್ಲೇ ಬದುಕುತ್ತಿದ್ದಳು. ಚಪ್ಪರದ ಗೂಟಗಳನ್ನು ಚಿಕ್ಕಪ್ಪನ ಉಳಿಯಲ್ಲೇ ಕೆತ್ತಿದ್ದಳು. ಆ ತುಂಡು ಸಿಕ್ಕರೆ ತನ್ನ ಕಬ್ಬಿಗೆ ನೇರ ಕಾಲುವೆ ಎಳೆಯಬಹುದೆಂದು ಪಕ್ಕದವನು ಕೇಳುತ್ತಲೇ ಇದ್ದ. ಅವಳು ಕೊಟ್ಟಿರಲಿಲ್ಲ.

ಆವತ್ತು ಬೆರಳುದ್ದದ ಕಾಯಿಗಳು ಇಳಿಬಿದ್ದಿದ್ದವು. ಎಲೆಯಡಿ ಹೇನು ಕಟ್ಟಿತ್ತು. ಅವಳ ಔಷಧಿ ಹೊಡೆಯುವ ಕ್ಯಾನು ಸೋರುತ್ತಿತ್ತು. ಪಕ್ಕದವನದನ್ನು ಕೇಳಿದಳು.

“ತಕ್ಕೊಂಡೋಗವ್ವ, ಅದುಕ್ಕೇನಂತೆ,” ಎಂದು ಅವನು ಜಗಲಿಯಿಂದ ತಂದುಕೊಟ್ಟ.

“ತೊಳ್ದಿದ್ದೀಯೇನಣ್ಣ?”

“ನಿಮ್ ಆಚಾರ್ರಂಗಲ್ಲ ಕಣವ್ವ, ನಾವು ಬೇಸಾಯ್ದೋರು. ತೊಳೀದೆ ಇಡ್ತೀವಾ?”

ಬಾಗಿಲಲ್ಲಿದ್ದ ಅವನ ಹೆಂಡತಿ, “ಅಯ್ಯೋ, ಅದ್ರಲ್ಲಿ ನೆನ್ನೆ…” ಎಂದಳು.

“ನೀ ಓಗಮ್ಮಿ ಒಳೀಕೆ. ಎಸ್ರು ಉಕ್ತದೆ.”

ಅವರ ಒಲೆ ಹೊರಗಿತ್ತು. ಆರಿತ್ತು. ಅವಳು ಒಳಗೆ ಹೋದಳು.

ಚಿಕ್ಕಮ್ಮ ಮುಚ್ಚಳ ತೆಗೆದಾಗ ಘಾಟು ಏರಿಯವರೆಗೂ ಬಂತು. ಬೇಸಾಯದಲ್ಲಿ ಹುಟ್ಟಿದವರು ಆ ವಾಸನೆಗೇ ಕೈ ಹಿಂದೆಗೆಯುತ್ತಿದ್ದರು. ನಮಗೆ ಔಷಧಿಯೆಂದರೆ ಎಲ್ಲವೂ ಒಂದೇ ವಾಸನೆ. ಅವಳು ಒಂದು ಬಳ್ಳಿಯನ್ನೂ ಬಿಡದೆ ಹೊಡೆದಳು.

ವಾರದೊಳಗೆ ಕುಡಿಗಳು ಹಗ್ಗ ಹೊಸೆದಂತೆ ತಿರುಚಿಕೊಂಡವು. ಕಾಯಿ ಸೊಟ್ಟಗಾಗಿ ಅಲ್ಲೇ ನಿಂತವು. ಔಷಧಿ ಅಂಗಡಿಯವನು ಒಂದು ಕುಡಿ ನೋಡಿದೊಡನೆ ಹೇಳಿದ: ಕಬ್ಬಿನ ಕಳೆಗೆ ಹೊಡೆಯುವುದು ಇದು, ಕಬ್ಬು ಉಳಿಯುತ್ತದೆ, ಬಳ್ಳಿ ಉಳಿಯುವುದಿಲ್ಲ.

ಪಕ್ಕದವನು ಬದುವಿನ ಮೇಲೆ ನಿಂತು ನಕ್ಕ. “ಉಳಿ ಇಡಿಯೋ ಕೈಲಿ ಈರೇಕಾಯಿ ಬೆಳೀತೀನಿ ಅಂತೀಯಲ್ಲವ್ವ. ಇನ್ನಾದ್ರೂ ಕೊಟ್ಬುಡು.”

ಮಳೆಗಾಲಕ್ಕೆ ಮುಂಚೆ ಕೊಟ್ಟುಬಿಟ್ಟಳು. ಗೂಟಗಳನ್ನು ಅವನೇ ಕಿತ್ತು ಒಲೆಗೆ ಹಾಕಿಕೊಂಡ. ಅಲ್ಲೀಗ ಅವನ ಕಾಲುವೆ ಹರಿಯುತ್ತದೆ. ಚಿಕ್ಕಮ್ಮ ಅವನ ಕಬ್ಬಿನಲ್ಲಿ ಕಳೆ ಕೀಳಲು ಹೋಗುತ್ತಾಳೆ.

ಆ ಕ್ಯಾನು ಕೈ ಬದಲಾದದ್ದನ್ನು ಕಂಡವರಲ್ಲಿ ನಾನಿದ್ದೇನೆ, ಚಿಕ್ಕಮ್ಮ ಇದ್ದಾಳೆ, ಅವನೂ ಗಟ್ಟಿಮುಟ್ಟಾಗಿದ್ದಾನೆ. ಅವನ ಹೆಂಡತಿಯೂ ಬದುಕಿದ್ದಾಳೆ. ಮಧ್ಯಾಹ್ನ ಆಳುಗಳಿಗೆ ಊಟ ತರುವವಳು ಅವಳೇ. ಚಿಕ್ಕಮ್ಮನ ತಟ್ಟೆಗೆ ಸಾರು ಬಿಡುವಾಗ ಮುಖ ನೋಡುವುದಿಲ್ಲ.